ಪಾಸಾದವರಿಗೆ ಪ್ರವೇಶವಿಲ್ಲ

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳ, ಅಂದರೆ ಎರಡು ವರ್ಷದ ಓದಿನ ಸರ್ಕಾರಿ ಕಾಲೇಜುಗಳ, ಬಾಗಿಲಿಗೆ ಚಿಲಕವೇ ಇಲ್ಲ ಎಂಬುದು 1960ರ ಉನ್ನತ ಶಿಕ್ಷಣದ ಮಾಸ್ಟರ್ ಪ್ಲಾನ್ ಕಾಲದಿಂದಲೂ ಆ ರಾಜ್ಯ ಹೆಮ್ಮೆಯಿಂದ ಹೇಳಿಕೊಂಡು ಬಂದಿರುವ ಮಾತು. ಹದಿನೆಂಟು ವರ್ಷ ತುಂಬಿದ, ಬೋಧನೆಯಿಂದ ಪ್ರಯೋಜನ ಪಡೆಯಬಲ್ಲ ಯಾರೇ ಬಂದರೂ ಒಳಗೆ ಕರೆದುಕೊಳ್ಳಬೇಕೆಂದು ಅಲ್ಲಿನ ಕಾನೂನೇ ಹೇಳುತ್ತದೆ. 73 ಡಿಸ್ಟ್ರಿಕ್ಟ್‌ಗಳಲ್ಲಿ (ಡಿಸ್ಟ್ರಿಕ್ಟ್ ಎಂದರೆ ಇಲ್ಲಿ ಕಾಲೇಜುಗಳ ಸ್ಥಳೀಯ ಆಡಳಿತ ಘಟಕ) ಹರಡಿಕೊಂಡ 116 ಕಾಲೇಜುಗಳು, 2012ರ ಬೇಸಿಗೆಯಿಂದ ಅಲ್ಲಾಡದೆ ನಿಂತಿರುವ, ಕೋರ್ಸಿನ ತೂಕ ಅಳೆಯುವ ಒಂದು ಯೂನಿಟ್ಟಿಗೆ 46 ಡಾಲರಿನ ಶುಲ್ಕ, ಪ್ರವೇಶ ಪರೀಕ್ಷೆಯ ಗೊಡವೆಯಿಲ್ಲ, ಡೊನೇಶನ್ನಿನ ಮಾತಿಲ್ಲ. ಸಿಲಿಕಾನ್ ವ್ಯಾಲಿ ಎಂದೇ ಹೆಸರಾದ ಸಾಂತಾ ಕ್ಲಾರಾ ಕಣಿವೆಯ ಕನ್ನಡದ ಮನೆಗಳಲ್ಲಂತೂ ಮೂರು ತಲೆಮಾರಿಗೂ ಈ ಕಾಲೇಜಿನ ನಂಟಿದೆ: ಹೈಸ್ಕೂಲಿನ ಮಗ ಬೇಸಿಗೆ ರಜೆಯಲ್ಲಿ ಕ್ಯಾಲ್ಕುಲಸ್ ಮುಗಿಸಿಕೊಳ್ಳಲು ಹೋಗುತ್ತಾನೆ, ವೀಸಾದ ಕಟ್ಟುಪಾಡಿನಿಂದ ವರ್ಷಗಟ್ಟಲೆ ಮನೆಯಲ್ಲಿ ಕುಳಿತ ತಾಯಿ ಅಕೌಂಟಿಂಗ್ ಕಲಿಯಲು ಹೋಗುತ್ತಾಳೆ, ಗ್ರೀನ್ ಕಾರ್ಡ್ ಪಡೆದು ಅಲ್ಲಿಯೇ ಉಳಿದ ಅಜ್ಜಿ ಮಣ್ಣಿನ ಕುಡಿಕೆ ಮಾಡಲು ಹೋಗುತ್ತಾರೆ. ಬಾಗಿಲಿಗೆ ಚಿಲಕವಿಲ್ಲ ಎಂಬುದೇನೋ ನಿಜ. ಆದರೆ ಬಾಗಿಲ ಪಕ್ಕದಲ್ಲಿ ಎಣಿಸುವವನೊಬ್ಬ ಕುಳಿತಿದ್ದಾನೆ, ಅವನಿಗೆ ಮೂರರವರೆಗೆ ಮಾತ್ರ ಲೆಕ್ಕ ಬರುತ್ತದೆ.

ಈ ಎಣಿಸುವವನನ್ನು ನೇಮಿಸಿದ್ದು ಬೋರ್ಡ್ ಆಫ್ ಗವರ್ನರ್ಸ್ ಎಂಬ ರಾಜ್ಯಮಟ್ಟದ ಮಂಡಲಿ. 2008ರ ಆರ್ಥಿಕ ಕುಸಿತದ ನಂತರ ರಾಜ್ಯದ ಬೊಕ್ಕಸ ಬರಿದಾಗಿ, ಕಾಲೇಜುಗಳು ತರಗತಿಗಳನ್ನೇ ಕಡಿತಗೊಳಿಸಿ, ಹೊಸ ವಿದ್ಯಾರ್ಥಿಗಳು ವೇಟಿಂಗ್ ಲಿಸ್ಟಿನಲ್ಲಿ ತಿಂಗಳುಗಟ್ಟಲೆ ಕಾಯುತ್ತಿದ್ದಾಗ, ಒಂದೇ ಕೋರ್ಸನ್ನು ಮತ್ತೆ ಮತ್ತೆ ತೆಗೆದುಕೊಳ್ಳುವ ಹಳಬರ ಮೇಲೆ ಮಂಡಲಿಯ ಕಣ್ಣು ಬಿತ್ತು. ಒಬ್ಬ ವಿದ್ಯಾರ್ಥಿ ಒಂದು ಕೋರ್ಸಿಗೆ ಮೂರು ಸಲಕ್ಕಿಂತ ಹೆಚ್ಚು ಹೆಸರು ನೋಂದಾಯಿಸಿದರೆ ಕಾಲೇಜಿಗೆ ರಾಜ್ಯದಿಂದ ಹಣವಿಲ್ಲ ಎಂಬ ನಿಯಮ 2011ರಲ್ಲಿ ಅಂಗೀಕಾರಗೊಂಡು 2012ರ ಬೇಸಿಗೆಯಿಂದ ಜಾರಿಗೆ ಬಂತು. ಬರಗಾಲದಲ್ಲಿ ಪಡಿತರ ಹಂಚುವಾಗ ಇಂಥ ಲೆಕ್ಕ ತಪ್ಪೆಂದು ಯಾರೂ ಹೇಳಲಾರರು. ಆದರೆ ಬರಗಾಲ ಮುಗಿಯಿತು. ವೇಟಿಂಗ್ ಲಿಸ್ಟುಗಳು ಕರಗಿದವು. ಕೋವಿಡ್ ಬಂದು ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಕರಗಿಹೋಗಿ, ದಯವಿಟ್ಟು ಬನ್ನಿ ಎಂದು ಕಾಲೇಜುಗಳೇ ಜಾಹೀರಾತು ಹಾಕುವ ಕಾಲ ಬಂತು. ಅಷ್ಟಾದರೂ ಪಡಿತರದ ಸರದಿಯನ್ನು ಕಾಯುವವನು ತನ್ನ ಕುರ್ಚಿ ಬಿಟ್ಟು ಎದ್ದಿಲ್ಲ. ಎದುರಿಗೆ ಸರದಿಯೇ ಇಲ್ಲದಿದ್ದರೂ ಅವನು ಎಣಿಸುತ್ತಲೇ ಇದ್ದಾನೆ.

ಅವನು ಎಣಿಸುವುದಾದರೂ ಏನನ್ನು? ಕಲಿತದ್ದನ್ನಲ್ಲ, ಹೆಸರು ಹಾಕಿದ್ದನ್ನು. ಸೆಮಿಸ್ಟರಿನ ಮೊದಲ ವಾರಗಳಲ್ಲೇ ಬಿಟ್ಟುಹೋದರೆ ದಾಖಲೆಯಲ್ಲಿ ಯಾವ ಗುರುತೂ ಉಳಿಯುವುದಿಲ್ಲ. ಆ ಗಡಿ ದಾಟಿದ ಮೇಲೆ ಬಿಟ್ಟರೆ ಹೆಸರಿನ ಮುಂದೆ ಡಬ್ಲ್ಯೂ, ಅಂದರೆ ವಿತ್ ಡ್ರಾವಲ್, ಎಂಬ ಅಕ್ಷರ ಬೀಳುತ್ತದೆ. ಅದು ಗ್ರೇಡಲ್ಲ, ಅಂಕಕ್ಕೆ ಸೇರುವುದಿಲ್ಲ, ಪಾಸೂ ಅಲ್ಲ ಫೇಲೂ ಅಲ್ಲ. ಆದರೆ ಮೂರರಲ್ಲಿ ಒಂದು ಅಲ್ಲಿಗೆ ಖರ್ಚಾಯಿತು. ಹತ್ತನೆಯ ವಾರದಲ್ಲಿ ಕೆಲಸದ ಪಾಳಿ ಬದಲಾಗಿ ತರಗತಿಗೆ ಬರಲಾಗದೆ ಬಿಟ್ಟವನಿಗೂ, ಬೀಚಿಗೆ ಹೋಗಲು ಬಿಟ್ಟವನಿಗೂ ಅದೇ ಅಕ್ಷರ ಎಂಬ ಸ್ಥಿತಿ ಬಹುಕಾಲ ನಡೆದು, ಕೊನೆಗೆ 2018ರ ಸುಮಾರಿಗೆ ಮಂಡಲಿಗೆ ಕನಿಕರ ಹುಟ್ಟಿ ಇಡಬ್ಲ್ಯೂ ಎಂಬ ಕ್ಷಮಾಪಣೆಯ ಡಬ್ಲ್ಯೂ ಅವತರಿಸಿತು. ಕಾಯಿಲೆ, ಮನೆಯವರ ಸಾವು, ಕೆಲಸದ ವರ್ಗಾವಣೆ, ವಲಸೆ ಇಲಾಖೆಯ ಕ್ರಮ, ಜೈಲಿನಿಂದ ಅವಧಿಯ ನಡುವೆಯೇ ಬಿಡುಗಡೆ, ಇವೆಲ್ಲ ಅದಕ್ಕೆ ಒಪ್ಪಿತ ಕಾರಣಗಳು. ಅರ್ಜಿ ಹಾಕಬೇಕು, ಪುರಾವೆ ಲಗತ್ತಿಸಬೇಕು. ಈ ಇಡೀ ವರ್ಣಮಾಲೆಯಲ್ಲಿ ಮನುಷ್ಯರು ಕುಳಿತು ಯೋಚಿಸಿದಂತೆ ಕಾಣುವ ಅಕ್ಷರ ಇದೊಂದೇ ಎಂಬುದು ನನ್ನ ಅಭಿಪ್ರಾಯ.

ಮೂರು ಸಲ ಎಂಬ ಔದಾರ್ಯವೂ ಎಲ್ಲರಿಗಲ್ಲ, ಸೋತವರಿಗೆ ಮಾತ್ರ. ಟೈಟಲ್ 5 ಎಂದು ಕರೆಯಲಾಗುವ ರಾಜ್ಯ ನಿಯಮಾವಳಿಯ ಪ್ರಕಾರ ಡಿ, ಎಫ್ ಅಥವಾ ನೋ ಪಾಸ್ ಪಡೆದವನ ಸಾಧನೆ ಕೆಳಮಟ್ಟದ್ದು, ಅವನು ಮತ್ತೆ ಬಂದು ಓದಬಹುದು. ಸಿ ಪಡೆದವನದು ತೃಪ್ತಿಕರವಾದದ್ದು, ಅವನು ಕೆಲವು ಅಪವಾದಗಳನ್ನು ಬಿಟ್ಟರೆ ಆ ಕೋರ್ಸಿನತ್ತ ಮತ್ತೆ ತಲೆಹಾಕುವಂತಿಲ್ಲ. ತೃಪ್ತಿ ಯಾರದು ಎಂದು ಕೇಳಬಾರದು, ಅದು ರಾಜ್ಯದ ತೃಪ್ತಿ. ಎರಡು ವರ್ಷ ಇಲ್ಲಿ ಓದಿ ಬರ್ಕ್‌ಲಿಯಲ್ಲೋ ಲಾಸ್ ಏಂಜಲೀಸಿನಲ್ಲೋ ಎಂಜಿನಿಯರಿಂಗಿಗೆ ಸೇರಬೇಕೆಂದಿರುವ ಹುಡುಗಿಗೆ ಕ್ಯಾಲ್ಕುಲಸ್‌ನಲ್ಲಿ ಸಿ ಬಂದರೆ ಆ ಕನಸಿಗೆ ದೊಡ್ಡ ಪೆಟ್ಟು ಬೀಳುತ್ತದೆ. ಡಿ ಬಂದಿದ್ದರೆ ಮತ್ತೊಮ್ಮೆ ಕುಳಿತು, ಶ್ರಮಪಟ್ಟು, ಎ ತೆಗೆಯಬಹುದಿತ್ತು. ಹೀಗಾಗಿ ಸೆಮಿಸ್ಟರಿನ ಕೊನೆಯ ವಾರಗಳಲ್ಲಿ ಬುದ್ಧಿವಂತ ವಿದ್ಯಾರ್ಥಿ ಮಾಡಬೇಕಾದ ಲೆಕ್ಕ ಕ್ಯಾಲ್ಕುಲಸ್‌ನದಲ್ಲ: ಫೈನಲ್ ಪರೀಕ್ಷೆಯಲ್ಲಿ ಎಷ್ಟು ಪ್ರಶ್ನೆಗಳನ್ನು ಬಿಟ್ಟರೆ ಸಿ ಎಂಬ ಗಂಡಾಂತರದಿಂದ ಪಾರಾಗಿ ಡಿ ಎಂಬ ದಡ ಸೇರಬಹುದು? ನಮ್ಮಲ್ಲಿ ಉತ್ತರ ಪತ್ರಿಕೆಯೊಳಗೆ ‘ಸಾರ್, ಹೇಗಾದರೂ ಪಾಸ್ ಮಾಡಿ’ ಎಂದು ಪತ್ರ ಬರೆದು, ಅದರೊಂದಿಗೆ ನೋಟನ್ನೂ ಮಡಿಚಿಡುವ ಮಕ್ಕಳಿದ್ದಾರೆ. ಅಲ್ಲಿ ‘ದಯವಿಟ್ಟು ನನ್ನನ್ನು ಪಾಸ್ ಮಾಡಬೇಡಿ’ ಎಂದು ಪ್ರಾಧ್ಯಾಪಕರ ಮುಂದೆ ಕೈಮುಗಿದು ನಿಲ್ಲುವುದೇ ಜಾಣತನವೆಂದು ನಿಯಮಾವಳಿ ಪಾಠ ಹೇಳಿಕೊಡುತ್ತದೆ. ಇನ್ನು ಮತ್ತೆ ಓದಿ ಗೆದ್ದವನ ಹಳೆಯ ಡಿಯನ್ನು ಸರಾಸರಿಯ ಲೆಕ್ಕದಿಂದ ತೆಗೆಯಬಹುದು, ಅಂಥ ಎರಡನ್ನು ಮಾತ್ರ. ತೆಗೆದರೂ ಅದು ಅಂಕಪಟ್ಟಿಯಲ್ಲಿ ಸ್ಪಷ್ಟವಾಗಿ ಓದಲು ಬರುವಂತಿರಬೇಕು, ಏಕೆಂದರೆ ದಾಖಲೆ ಸತ್ಯವೂ ಸಂಪೂರ್ಣವೂ ಆಗಿರಬೇಕು. ಕ್ಷಮಿಸಿದ್ದೇವೆ, ಮರೆತಿಲ್ಲ.

ಸಿ ಬಗ್ಗೆ ಇಷ್ಟು ಹೇಳಿದ ಮೇಲೆ ಸಿ ಮೈನಸ್ ಬಗ್ಗೆಯೂ ಹೇಳಬೇಕು, ಅದು ಇಲ್ಲದಿದ್ದರೂ. ಗ್ರೇಡುಗಳಿಗೆ ಪ್ಲಸ್ಸು ಮೈನಸ್ಸು ಹಚ್ಚುವ ಸ್ವಾತಂತ್ರ್ಯವನ್ನು ರಾಜ್ಯ ಡಿಸ್ಟ್ರಿಕ್ಟ್‌ಗಳಿಗೆ ಕೊಟ್ಟಿದೆ. ಎ ಮೈನಸ್ ಉಂಟು, ನಾಲ್ಕರ ಲೆಕ್ಕದಲ್ಲಿ 3.7. ಬಿ ಮೈನಸ್ ಉಂಟು, 2.7. ಡಿ ಮೈನಸ್ ಕೂಡ ಉಂಟು, 0.7. ಆದರೆ ಸಿ ಮೈನಸ್ ಮಾತ್ರ ನಿಷಿದ್ಧ. ಸಿ ಪ್ಲಸ್ಸಿಗೆ 2.3, ಸಿಗೆ 2.0, ಅಲ್ಲಿಂದ ಕಾಲು ಜಾರಿದರೆ ನೇರವಾಗಿ ಡಿ ಪ್ಲಸ್ಸಿನ 1.3. ಸಿ ಎಂದರೆ ತೃಪ್ತಿಕರ ಎಂದು ಒಮ್ಮೆ ಘೋಷಿಸಿದ ಮೇಲೆ ‘ಸ್ವಲ್ಪ ಕಡಿಮೆ ತೃಪ್ತಿಕರ’ ಎಂದರೆ ಏನರ್ಥ, ಅವನಿಗೆ ಮುಂದಿನ ಕೋರ್ಸಿಗೆ ಅರ್ಹತೆಯಿದೆಯೋ ಇಲ್ಲವೋ ಎಂಬ ಧರ್ಮಸಂಕಟವನ್ನು ಮಂಡಲಿ ಪರಿಹರಿಸಿದ ರೀತಿ ಇದು: ಆ ಮನುಷ್ಯನೇ ಇಲ್ಲವೆಂದುಬಿಟ್ಟರೆ ಸಂಕಟವೂ ಇಲ್ಲ. ಇದೇ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಸಿ ಮೈನಸ್ ಯಾವ ಮುಜುಗರವೂ ಇಲ್ಲದೆ ಓಡಾಡಿಕೊಂಡಿದೆ. ಅತ್ತ ಮೇಲ್ತುದಿಯಲ್ಲಿ ಎ ಪ್ಲಸ್ ಇದೆ, ಅದಕ್ಕೂ ಎಗೂ ಒಂದೇ ಬೆಲೆ, 4.0. ಆ ಪ್ಲಸ್ಸನ್ನು ಹಣೆಗೆ ಬೊಟ್ಟಿಟ್ಟುಕೊಂಡು ನೋಡಿಕೊಳ್ಳಬಹುದು, ಅಷ್ಟೇ.

ಸೋತವರ ಮತ್ತು ಸಿ ಪಡೆದವರ ವಿಚಾರ ಮುಗಿಸಿದ ಮಂಡಲಿ ಮುಂದೆ ಚೆನ್ನಾಗಿ ಕಲಿಯುವವರ ಕಡೆಗೆ ತಿರುಗಿತು. 2013ರ ಶರತ್ಕಾಲದ ಸೆಮಿಸ್ಟರಿನಿಂದ ಚಿತ್ರಕಲೆ, ಸಂಗೀತ, ನಾಟಕ, ಕುಂಬಾರಿಕೆ, ಯೋಗ, ಈಜು ಇಂಥವುಗಳನ್ನು ಒಮ್ಮೆ ಪಾಸಾದವರು ಮತ್ತೆ ತೆಗೆದುಕೊಳ್ಳುವುದಕ್ಕೆ ತಡೆ ಬಿತ್ತು. ಅದಕ್ಕೆ ಮೊದಲು ನಿವೃತ್ತರು ಅದೇ ಸ್ಟುಡಿಯೋಗೆ ಮತ್ತೆ ಮತ್ತೆ ಮರಳುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ಒಂದಕ್ಕೊಂದು ಸಂಬಂಧವಿರುವ ಕೋರ್ಸುಗಳನ್ನು ‘ಕುಟುಂಬ’ಗಳಾಗಿ ವಿಂಗಡಿಸಿ, ಒಂದು ಕುಟುಂಬದಲ್ಲಿ ನಾಲ್ಕು ಸಲಕ್ಕೆ ಮಿತಿ ಹಾಕಲಾಯಿತು. ಕಾಲೇಜುಗಳು ಸುಮ್ಮನಿರಲಿಲ್ಲ. ಒಂದೇ ಸೆರಾಮಿಕ್ಸ್ ತರಗತಿಯನ್ನು ಆರಂಭಿಕ, ಮಧ್ಯಮ, ಉನ್ನತ ಎಂದು ಸೀಳಿ, ಪ್ರತಿಯೊಂದಕ್ಕೂ ಬೇರೆ ಸಂಖ್ಯೆ ಕೊಟ್ಟು, ಬೇರೆ ಕಲಿಕೆಯ ಗುರಿಗಳನ್ನು ಬರೆದು, ಸಮಿತಿಗಳಲ್ಲಿ ಅಂಗೀಕರಿಸಿ, ಅಷ್ಟನ್ನೂ ಅದೇ ಕೋಣೆಯಲ್ಲಿ, ಅದೇ ಗಂಟೆಯಲ್ಲಿ, ಅದೇ ಮೇಷ್ಟರ ಕೈಯಲ್ಲಿ ನಡೆಸುವ ಉಪಾಯ ಕಂಡುಕೊಂಡವು.

ತಿಗರಿಯ ಮುಂದೆ ಕುಳಿತವರಿಗೆ ಇದರ ಕಷ್ಟ ಗೊತ್ತು. ಒದ್ದೆ ಮಣ್ಣಿನ ಮುದ್ದೆಯನ್ನು ತಿರುಗುವ ಚಕ್ರದ ನಟ್ಟನಡುವೆ ಅಲುಗಾಡದಂತೆ ನಿಲ್ಲಿಸುವುದಕ್ಕೇ ಹೊಸಬರಿಗೆ ವಾರಗಳು ಬೇಕು. ಮೊಣಕೈಯನ್ನು ತೊಡೆಗೆ ಆನಿಸಿ, ಉಸಿರು ಬಿಗಿಹಿಡಿದು, ಎರಡೂ ಅಂಗೈಗಳಿಂದ ಒತ್ತುತ್ತಿದ್ದರೂ ಮುದ್ದೆ ಒಂದು ಕಡೆಗೆ ವಾಲಿ, ಗೋಡೆ ಎದ್ದಂತೆ ಕಂಡು, ಸೊಯ್ಯನೆ ಕುಸಿಯುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಗಾದೆ ಮಾಡಿದವರು ದೊಣ್ಣೆ ಹಿಡಿದವರನ್ನು ಮಾತ್ರ ನೋಡಿದ್ದರು, ಕುಂಬಾರನ ವರುಷಗಳನ್ನೇ ಎಣಿಸಿ ಕತ್ತರಿಸುವ ಮಂಡಲಿಯನ್ನು ಕಂಡಿರಲಿಲ್ಲ. ಮಡಕೆ ಬಡಿಯುವ ಸದ್ದಿನಿಂದಲೇ ಶಿವನನ್ನು ಕುಣಿಸಿದ ಕುಂಬಾರ ಗುಂಡಯ್ಯನೇ ಬಂದು ನಿಂತರೂ ನೋಂದಣಿಯ ಕಂಪ್ಯೂಟರು ಅವನಿಗೆ ಕೊಡುವ ಉತ್ತರ ಒಂದೇ: ಈ ಕುಟುಂಬದಲ್ಲಿ ತಮ್ಮ ನಾಲ್ಕು ಅವಕಾಶಗಳು ಮುಗಿದಿವೆ. ಇಷ್ಟಾಗಿಯೂ ಅಂತರ ಕಾಲೇಜು ಕ್ರೀಡಾ ತಂಡಗಳಿಗೆ ವಿನಾಯಿತಿ ಇದೆ. ಅದೇ ಚೆಂಡನ್ನು ಅದೇ ಬುಟ್ಟಿಗೆ ಮತ್ತೆ ಮತ್ತೆ ಎಸೆಯುವುದು ಪುನರಾವರ್ತನೆ ಎನಿಸಿಕೊಳ್ಳದು. ಜೇಬಿನಿಂದ ಪೂರ್ತಿ ವೆಚ್ಚ ತೆರುವ, ಕ್ರೆಡಿಟ್ಟಿಲ್ಲದ ಸಮುದಾಯ ತರಗತಿಗಳಿಗೂ ಈ ಮಿತಿ ಇಲ್ಲ. ಅಲ್ಲಿ ಅಜ್ಜಿ ಎಷ್ಟು ಕುಡಿಕೆಗಳನ್ನಾದರೂ ಕೆಡಿಸಬಹುದು.

ಒಂದು ಕರುಣೆಯ ಕಿಂಡಿಯೂ ಉಂಟು. ಕೋರ್ಸು ಪಾಸಾಗಿ 36 ತಿಂಗಳಿಗೆ ಕಡಿಮೆಯಿಲ್ಲದಷ್ಟು ಕಾಲ ಸಂದಿದ್ದು, ಮುಂದಿನ ಓದಿಗೆ ಆ ವಿಷಯದ ಜ್ಞಾನ ಇತ್ತೀಚಿನದೇ ಆಗಿರಬೇಕೆಂಬ ನಿಯಮವಿದ್ದರೆ, ಅದನ್ನು ಮತ್ತೆ ಓದಲು ಅನುಮತಿ ಸಿಗುತ್ತದೆ. ಅಂದರೆ ಅರೆಬರೆ ನೆನಪಿರುವವನಿಗೆ ಪ್ರವೇಶವಿಲ್ಲ. ಮನೆಗೆ ಹೋಗಿ ಶ್ರದ್ಧೆಯಿಂದ ಮೂರು ವರ್ಷ ಮರೆತು ಬರಬೇಕು.

ಆ ಕಿಂಡಿ ಪಾಸಾದವರಿಗೆ. ಮೂರೂ ಸಲ ಸೋತವರಿಗೆ ಕಾರು ಇದೆ. ಏಕೆಂದರೆ ಎಣಿಸುವವನ ಲೆಕ್ಕ ಆಯಾ ಡಿಸ್ಟ್ರಿಕ್ಟಿನ ಗಡಿಗೆ ಮುಗಿಯುತ್ತದೆ. ಕೂಪರ್ಟಿನೋದ ಡಿ ಆಂಜಾ ಒಂದು ಡಿಸ್ಟ್ರಿಕ್ಟಿನದು, ಪಕ್ಕದ ಸಾರಟೋಗಾದ ವೆಸ್ಟ್ ವ್ಯಾಲಿ ಇನ್ನೊಂದರದು, ಸ್ಯಾನ್ ಹೋಸೆ ಸಿಟಿ ಕಾಲೇಜು ಮತ್ತೊಂದರದು. ಒಂದು ಕಡೆ ಮೂರು ಸಲ ಕ್ಯಾಲ್ಕುಲಸ್‌ಗೆ ತಲೆಕೊಟ್ಟು ಸೋತವನು ಹೆದ್ದಾರಿ ಹತ್ತಿ ಪಕ್ಕದ ಊರಿಗಿಳಿದರೆ ಅಲ್ಲಿ ಅವನು ಹಸುಗೂಸು, ಎಣಿಕೆ ಸೊನ್ನೆಯಿಂದ ಶುರು. ಮಂಡಲಿ ಚಾಪೆಯ ಕೆಳಗೆ ತೂರಿದರೆ ವಿದ್ಯಾರ್ಥಿ ರಂಗೋಲಿಯ ಕೆಳಗೆ. ಹೀಗೆ ತೂರುವಾಗ ಒಂದು ತೊಡಕು ಮಾತ್ರ ಎದುರಾಗುತ್ತದೆ: ಡಿ ಆಂಜಾದಲ್ಲಿ ವರ್ಷವನ್ನು ಕ್ವಾರ್ಟರುಗಳಾಗಿ ಹಂಚಿದ್ದಾರೆ, ವೆಸ್ಟ್ ವ್ಯಾಲಿಯಲ್ಲಿ ಸೆಮಿಸ್ಟರುಗಳಾಗಿ. ಹಾಗಾಗಿ ಅಲ್ಲಿ ಬಿಟ್ಟ ಅಧ್ಯಾಯ ಇಲ್ಲಿ ಯಾವ ಕೋರ್ಸಿನ ಯಾವ ವಾರದಲ್ಲಿ ಸಿಗುತ್ತದೆ ಎಂದು ಪತ್ತೆಹಚ್ಚಲು ಕೌನ್ಸೆಲರ್ ಒಬ್ಬರ ಅಪಾಯಿಂಟ್‌ಮೆಂಟ್ ಬೇಕು.

ಇತ್ತ 2017ರ ಎಬಿ 705 ಮತ್ತು 2022ರ ಎಬಿ 1705 ಎಂಬ ಕಾನೂನುಗಳು, ಯಾರು ಯಾವ ಹಂತದ ತರಗತಿಗೆ ಸೇರಬೇಕೆಂದು ನಿರ್ಧರಿಸುವ ಪ್ಲೇಸ್‌ಮೆಂಟ್ ಪರೀಕ್ಷೆಗಳನ್ನೂ, ಗಣಿತದ ಅಡಿಪಾಯ ಹಾಕುವ ಕೆಳಹಂತದ ಕೋರ್ಸುಗಳಲ್ಲಿ ಹೆಚ್ಚಿನವನ್ನೂ ಬದಿಗೆ ಸರಿಸಿ, ವಿದ್ಯಾರ್ಥಿಗಳು ನೇರವಾಗಿ ಮೇಲಿನ ಹಂತಕ್ಕೇ ಸೇರುವಂತೆ ಮಾಡಿವೆ. ಹಳೆಯ ವ್ಯವಸ್ಥೆಯಲ್ಲಿ ಬಡ ಮಕ್ಕಳು ಆ ಕೆಳಹಂತದಲ್ಲೇ ವರ್ಷಗಟ್ಟಲೆ ಕೊಳೆಯುತ್ತಿದ್ದುದು ನಿಜ, ಅದನ್ನು ಕೊನೆಗಾಣಿಸಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಮೆಟ್ಟಿಲನ್ನು ತೆಗೆದವರೇ ಜಿಗಿತದ ಲೆಕ್ಕವನ್ನೂ ಮೂರಕ್ಕೆ ನಿಲ್ಲಿಸಿರುವುದು ಸೊಗಸಾಗಿದೆ. ಕರ್ನಾಟಕದಲ್ಲಿ 2024ರಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಯ ಪದ್ಧತಿ ಬಂತು, ಯಾವುದರಲ್ಲಿ ಹೆಚ್ಚು ಬಂತೋ ಅದನ್ನೇ ಇಟ್ಟುಕೊಳ್ಳಬಹುದಿತ್ತು, ಪಾಸಾದವರೂ ಬರೆಯಬಹುದಿತ್ತು. ನಾವು ಒಂದು ವರ್ಷಕ್ಕೆ ಕೊಟ್ಟದ್ದನ್ನು ಅವರು ಒಂದು ಜನ್ಮಕ್ಕೆ ಕೊಟ್ಟಿದ್ದಾರೆ.

ಇಷ್ಟೆಲ್ಲ ಕಾವಲಿನ ನಡುವೆ ಒಳಗೆ ಬಂದವರು ಯಾರು ಎಂದು ನೋಡಿದರೆ, ಅಲ್ಲಿ ಭೂತಗಳು ಕುಳಿತಿವೆ. ಕದ್ದ ಹೆಸರು, ಕದ್ದ ಗುರುತಿನ ಸಂಖ್ಯೆಗಳನ್ನು ಬಳಸಿ ಆನ್‌ಲೈನ್ ತರಗತಿಗಳಿಗೆ ಸೇರಿ, ಸರ್ಕಾರದ ವಿದ್ಯಾರ್ಥಿ ನೆರವಿನ ಹಣ ಕೈಸೇರುತ್ತಲೇ ಮಾಯವಾಗುವ ನಕಲಿ ವಿದ್ಯಾರ್ಥಿಗಳ ಹಾವಳಿ 2021ರಲ್ಲಿ ದೊಡ್ಡ ಸುದ್ದಿಯಾಯಿತು. ಮುಂದಿನ ವರ್ಷಗಳಲ್ಲಿ ಬಂದ ಅರ್ಜಿಗಳ ಪೈಕಿ ಕಾಲು ಭಾಗದಷ್ಟು ನಕಲಿಯಿರಬೇಕೆಂದು ಅಂದಾಜಿಸಲಾಯಿತು, ದಶಲಕ್ಷಗಟ್ಟಲೆ ಡಾಲರುಗಳು ಹೀಗೆ ಹರಿದುಹೋದವು. ಈಗ ಪ್ರಾಧ್ಯಾಪಕರ ಮೊದಲ ವಾರಗಳ ಕೆಲಸ ಪಾಠವಲ್ಲ, ಭೂತೋಚ್ಚಾಟನೆ. ತಮ್ಮ ಬಗ್ಗೆ ನಾಲ್ಕು ಸಾಲು ಬರೆದು ಪೋಸ್ಟ್ ಮಾಡಿ ಎಂದು ತರಗತಿಗೆ ಹೇಳಬೇಕು, ಬಂದ ಸಾಲುಗಳಲ್ಲಿ ಯಾವುದು ಮನುಷ್ಯನದು ಯಾವುದು ಯಂತ್ರದ್ದು ಎಂದು ಮೂಸಿ ನೋಡಬೇಕು, ಅನುಮಾನ ಬಂದವರನ್ನು ಸೆನ್ಸಸ್ ದಿನದೊಳಗೆ ಹೊರಹಾಕಬೇಕು. ಆ ದಿನ ಪಟ್ಟಿಯಲ್ಲಿ ಎಷ್ಟು ತಲೆಗಳಿವೆಯೋ ಅಷ್ಟರ ಮೇಲೆ ಕಾಲೇಜಿಗೆ ಬರುವ ಹಣ ನಿಂತಿರುವುದರಿಂದ, ಜಾಸ್ತಿ ಹೊರಹಾಕಿದರೂ ಕಷ್ಟ.

ಅಜ್ಜಿಯ ಹೆಸರನ್ನು ಸೆರಾಮಿಕ್ಸ್ ಕುಟುಂಬದಲ್ಲಿ ಐದನೆಯ ಸಲ ಕಂಡೊಡನೆ ಕೆಂಪು ಅಕ್ಷರಗಳಲ್ಲಿ ತಡೆಯುವ ಆ ಕಂಪ್ಯೂಟರು, ಹುಟ್ಟಿಯೇ ಇಲ್ಲದ ಯುವಕನೊಬ್ಬನನ್ನು ಮೊದಲ ಸಲ ಕಂಡಾಗ ಸ್ವಾಗತ ಕೋರಿ ವಿದ್ಯಾರ್ಥಿ ಇಮೇಲ್ ವಿಳಾಸ ಕೊಟ್ಟು ಕೂರಿಸುತ್ತದೆ, ಏಕೆಂದರೆ ಅವನ ದಾಖಲೆ ಅತ್ಯಂತ ಶುದ್ಧವಾಗಿದೆ, ಅವನು ಯಾವ ಕೋರ್ಸನ್ನೂ ಎರಡನೆಯ ಸಲ ತೆಗೆದುಕೊಂಡಿಲ್ಲ. ಸೆನ್ಸಸ್ ದಿನ ದಾಟಿದ ಮೇಲೆ ನೆರವಿನ ಹಣದೊಂದಿಗೆ ಅವನು ಕಣ್ಮರೆಯಾದಾಗ ಪ್ರಾಧ್ಯಾಪಕರು ನಿಯಮದಂತೆ ಅವನ ಹೆಸರಿನ ಮುಂದೆ ಒಂದು ಡಬ್ಲ್ಯೂ ಬರೆಯುತ್ತಾರೆ. ಈ ಡಿಸ್ಟ್ರಿಕ್ಟಿನಲ್ಲಿ ಅವನಿಗೆ ಇನ್ನೂ ಎರಡು ಅವಕಾಶಗಳು ಬಾಕಿ ಇವೆ, ಉಳಿದ 72 ಡಿಸ್ಟ್ರಿಕ್ಟ್‌ಗಳಲ್ಲಿ ತಲಾ ಮೂರು.