ಅಜ್ಜನ ಜಾತ್ರೆಗೆ ಬರಿಗೈಲಿ ಬರಬೇಡಿ

ಡಿಸೆಂಬರ್ ಕೊನೆಗೆ ಊರಿಗೆ ಫೋನ್ ಮಾಡಿದರೆ ಅವ್ವನ ಮಾತಿಗಿಂತ ಮೊದಲು ಪಟ್ ಪಟ್ ಸಪ್ಪಳ ಕೇಳುತ್ತದೆ. ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ರೊಟ್ಟಿ ಬಡಿಯುತ್ತಲೇ ಮಾತಾಡುತ್ತಾಳೆ. "ಎಷ್ಟಾದ್ವು ಬೇ?" ಅಂದರೆ ಸಿಟ್ಟು. "ಅಜ್ಜನ ರೊಟ್ಟಿ ಎಣಿಸಬಾರ್ದಪ. ಬುಟ್ಟಿ ತುಂಬಿದ್ರ ಆತು."

ಕೊಪ್ಪಳದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನ ಗೆಳೆಯರಿಗಾಗಿ ಎರಡು ಮಾತು. ಪುಷ್ಯ ಬಹುಳ ಬಿದಿಗೆಯ ಸಂಜೆ ನಮ್ಮ ಗವಿಮಠದಲ್ಲಿ ಗವಿಸಿದ್ಧೇಶ್ವರನ ತೇರು. 2024ರಲ್ಲಿ ಅದು ಜನವರಿ 27ಕ್ಕೆ ಬಂದಿತ್ತು, 2025ರಲ್ಲಿ 15ಕ್ಕೆ. ಗವಿಸಿದ್ಧೇಶ್ವರನನ್ನು ಅಜ್ಜ ಅಂತಲೇ ನಾವು ಕರೆಯುವುದು. ತೇರು ಪಾದಗಟ್ಟೆ ಮುಟ್ಟಿ ತಿರುಗಿ ಬರುವಷ್ಟೂ ಹೊತ್ತು ಜನ ಉತ್ತತ್ತಿ, ಬಾಳೆಹಣ್ಣು ತೂರುತ್ತಾರೆ. ಅದು ಒಂದು ಸಂಜೆಯ ಸಂಭ್ರಮ. ದಾಸೋಹ ಮಾತ್ರ ಪುಷ್ಯದ ಕೊನೆಗೆ ಬರುವ ಅವರಾತ್ರಿ ಅಮಾವಾಸ್ಯೆವರೆಗೂ ನಡೆಯುತ್ತದೆ, ಲಕ್ಷಗಟ್ಟಲೆ ಜನ ಉಣ್ಣುತ್ತಾರೆ. ಅಲ್ಲಿ ಎಲೆಗೆ ಬೀಳುವ ಜೋಳದ ರೊಟ್ಟಿ ಊರೂರಿನ, ಮನೆಮನೆಯ ಒಲೆಯಿಂದ ಬಂದದ್ದು. ನನ್ನ ಮಟ್ಟಿಗೆ ಜಾತ್ರೆ ಅಂದರೆ ಅದೇ.

ಖಡಕ್ ರೊಟ್ಟಿ ಸುಮ್ಮನೆ ಆಗೋದಿಲ್ಲ. ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು, ಕೈ ಚುರುಗುಟ್ಟುತ್ತಿರುವಾಗಲೇ ನಾದಬೇಕು. ಬಡಿಯುವಾಗ ಅಂಚು ಬಿರಿಯಬಾರದು. ಹಂಚಿಗೆ ಹಾಕಿ ಒದ್ದೆ ಅರಿವಿಯಿಂದ ನೀರು ಸವರಿ, ತಿರುವಿ ಹಾಕಿ, ಉಬ್ಬಿದ ಮೇಲೆ ತೆಗೆದು ಒಲೆಯ ಬಾಯಿಗೆ ಒರಗಿಸಿ ನಿಲ್ಲಿಸಬೇಕು. ಪೂರಾ ಗರಿಗರಿ ಆದರಷ್ಟೇ ದಿನಗಟ್ಟಲೆ ಕೆಡದೆ ಇರುತ್ತದೆ. ಒಳಗೆ ಒಂಚೂರು ಹಸಿ ಉಳಿದರೂ ಬೂಸು ಹಿಡಿದು ಇಡೀ ಚೀಲ ಕೆಡಿಸುತ್ತದೆ. ಅದಕ್ಕೇ ಅವ್ವ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಬೆರಳಿಂದ ತಟ್ಟಿ ನೋಡಿ ಬುಟ್ಟಿಗೆ ಹಾಕುತ್ತಾಳೆ. ಒಂದು ದಿನ ನಮ್ಮ ಮನೆಯಲ್ಲಿ, ಮರುದಿನ ಎದುರು ಮನೆಯಲ್ಲಿ, ಆಮೇಲೆ ಪಕ್ಕದ ಚಾಚಿಯ ಮನೆಯಲ್ಲಿ, ಹೀಗೆ ಮುಯ್ಯಾಳಿನ ಲೆಕ್ಕದಲ್ಲಿ ಓಣಿಯ ಹೆಂಗಸರೆಲ್ಲ ಕೂಡುತ್ತಾರೆ. ರೊಟ್ಟಿಯ ಜೊತೆ ಮಾದಲಿಯೂ ಆಗುತ್ತದೆ. ಬೆಲ್ಲ, ಕೊಬ್ಬರಿ, ಗಸಗಸೆ, ಏಲಕ್ಕಿಯ ವಾಸನೆ ಓಣಿ ತುಂಬ. ಕಡೆಗೆ ಟ್ರ್ಯಾಕ್ಟರಿಗೆ ಬಾಳೆಕಂಬ ಕಟ್ಟಿ, ಭಜನೆ ಹೇಳುತ್ತ ಮಠಕ್ಕೆ ಒಯ್ಯುತ್ತಾರೆ.

ಮಠದ ಉಗ್ರಾಣದಲ್ಲಿ ಆ ರೊಟ್ಟಿಯನ್ನು ರಾಶಿಗೆ ಸೇರಿಸುವ ಗಳಿಗೆಯನ್ನು ನೀವು ನೋಡಬೇಕು. ಅಲ್ಲಿಯವರೆಗೆ ಅದು ನಮ್ಮ ಅವ್ವನ ರೊಟ್ಟಿ, ಚಾಚಿಯ ರೊಟ್ಟಿ. ರಾಶಿಗೆ ಬಿದ್ದ ಮೇಲೆ ಯಾವುದು ಯಾರದ್ದು ಅಂತ ಮಾಡಿದವರಿಗೂ ಗೊತ್ತಾಗದು. ಹೆಸರಿಲ್ಲ, ಫೋಟೋ ಇಲ್ಲ, 'ಇಂಥವರ ಸೇವೆ' ಅನ್ನುವ ಬೋರ್ಡಿಲ್ಲ.

ಕೆಲವು ವರ್ಷದ ಹಿಂದೆ ಬೇರೊಂದು ಊರಿನ ಉತ್ಸವಕ್ಕೆ ಹೋಗಿದ್ದೆ. ವೇದಿಕೆ ದೊಡ್ಡದು, ದೀಪ ಚೆಂದ, ಗಾಯಕರೂ ಒಳ್ಳೆಯವರು. ಮುಂದಿನ ಸಾಲಿನ ಸೋಫಾ ಖಾಲಿ ಇದ್ದವು, ಊರಿನ ಮುದುಕರು ಹಗ್ಗದ ಆಚೆ ನಿಂತಿದ್ದರು. ಹಬ್ಬ ಅವರ ಊರಿನದ್ದೇ, ಆದರೆ ಅವರಿಗೆ ಅಲ್ಲಿ ನೋಡುವುದು ಬಿಟ್ಟು ಬೇರೆ ಕೆಲಸವೇ ಇರಲಿಲ್ಲ. ಆವತ್ತು ರಾತ್ರಿ ನನಗೆ ಭಾಳ ಸಂಕಟ ಆಯ್ತು. ಯಾಕೆಂದರೆ ನಮ್ಮ ಜಾತ್ರೆಯಲ್ಲಿ ನಾನೂ ಅಷ್ಟೇ ಆಗಿಬಿಟ್ಟಿದ್ದೆ. ಬೆಂಗಳೂರು ಸೇರಿದ ಮೇಲೆ ತೇರಿನ ದಿನ ಬೆಳಿಗ್ಗೆ ಬಂದು, ಸಂಜೆ ಮೊಬೈಲ್ ಮೇಲೆತ್ತಿ ವಿಡಿಯೋ ಮಾಡಿ, ರಾತ್ರಿ ಬಸ್ಸಿಗೆ ವಾಪಸ್. ನನ್ನ ಹಾಗೆ ಊರು ಬಿಟ್ಟ ನೂರಾರು ಮಂದಿ ಇದನ್ನೇ ಮಾಡುತ್ತಿದ್ದೇವೆ. ಈ ಬರಹ ಅವರಿಗಾಗಿ.

ನಮ್ಮೂರು ಹಳೆಯದು. ಮಠ ಇರುವ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಕವಿರಾಜಮಾರ್ಗ ಕನ್ನಡದ ತಿರುಳು ಯಾವುದೆಂದು ಹೇಳುವಾಗ ಹೆಸರಿಸುವ ಕೊಪಣನಗರ ಇದೇ. ಹೆಮ್ಮೆಪಡೋಣ. ಆದರೆ ಊರು ಉಳಿದಿರುವುದು ಕಲ್ಲಿನ ಅಕ್ಷರದಿಂದಷ್ಟೇ ಅಲ್ಲ. 2019ರಲ್ಲಿ ಹೂಳು, ಜಾಲಿಕಂಟಿ ತುಂಬಿ ಹೋಗಿದ್ದ ಹಿರೇಹಳ್ಳವನ್ನು ಗವಿಮಠದ ಸ್ವಾಮೀಜಿ ಮುಂದೆ ನಿಂತು ಸ್ವಚ್ಛ ಮಾಡಿಸಿದರಲ್ಲ, ಆಗ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಆ ಕೆಲಸಕ್ಕೆ ಜನ ತಾವಾಗಿಯೇ ಬಂದರು. ವರ್ಷಾ ವರ್ಷ ರೊಟ್ಟಿ ತಂದು ಕೊಟ್ಟು ರೂಢಿಯಾದ ಕೈಗಳಿಗೆ ಸಲಿಕೆ ತರುವುದು ಕಷ್ಟವಾಗಲಿಲ್ಲ ಅಂತ ನಾನು ನಂಬಿದ್ದೇನೆ.

ಈಗೀಗ ಸುದ್ದಿಯಲ್ಲಿ ಎಷ್ಟು ಲಕ್ಷ ರೊಟ್ಟಿ, ಎಷ್ಟು ಲಕ್ಷ ಮಿರ್ಚಿ ಭಜಿ ಅನ್ನುವುದೇ ದೊಡ್ಡದಾಗಿ ಬರುತ್ತದೆ. ಅಡುಗೆ ಮನೆಯವರಿಗೆ ಆ ಲೆಕ್ಕ ಬೇಕು, ನಮಗೆ ಬೇಡ. ಅಂಕಿ ನೋಡಿದವರು 'ಅಷ್ಟೊಂದು ಬಂದೈತಲ್ಲ, ನಮ್ಮದ್ಯಾಕೆ' ಅಂದುಕೊಳ್ಳುತ್ತಾರೆ. ನಮ್ಮ ಓಣಿಯಲ್ಲೇ ಈ ಮಾತು ಕೇಳಿದ್ದೇನೆ. ಹತ್ತೇ ರೊಟ್ಟಿ ಇರಲಿ, ತನ್ನಿ.

ಮಾಡಲು ಬರದವರು ಕೊಂಡು ತನ್ನಿ. ಕೊಂಡ ರೊಟ್ಟಿ ಸೇವೆಯಲ್ಲ ಅನ್ನುವ ಹಿರಿಯರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ರೊಟ್ಟಿ ಮಾಡಿ ಸಂಸಾರ ನಡೆಸುವ ಹೆಣ್ಣುಮಕ್ಕಳು ಊರ ತುಂಬ ಇದ್ದಾರೆ, ಚೌಕಾಸಿ ಮಾಡದೆ ಅವರಿಂದ ಕೊಳ್ಳಿ. ಗಂಡಸರು ಒಂದು ದಿನ ಒಲೆಯ ಮುಂದೆ ಕೂತು ನೋಡಿ, ಹೊಗೆ ಕಣ್ಣಿಗೆ ಹೊಕ್ಕಾಗ ತಿಳಿಯುತ್ತದೆ. ತೇರಿಗೆ ಒಂದು ದಿನ ರಜೆ ಹಾಕುವವರು ಎರಡು ದಿನ ಹಾಕಿ, ಎರಡನೇ ದಿನ ಬಡಿಸಲು ನಿಲ್ಲಿ.

ನಾನು ಎರಡು ವರ್ಷದಿಂದ ನಿಲ್ಲುತ್ತಿದ್ದೇನೆ. ಹೋದ ಸಲ ಪಂಕ್ತಿಯಲ್ಲಿ ಒಬ್ಬ ಅಜ್ಜಿ ಎರಡನೇ ರೊಟ್ಟಿ ಕೇಳಿ ಹಾಕಿಸಿಕೊಂಡಳು. ನಾನು ಪಲ್ಯ ತಗೊಂಡು ತಿರುಗಿ ಬರುವುದರೊಳಗೆ ಅದನ್ನು ನಾಲ್ಕು ಚೂರು ಮಾಡಿ ಸೆರಗಿಗೆ ಕಟ್ಟುತ್ತಿದ್ದಳು. ನನ್ನನ್ನು ನೋಡಿ ನಾಚಿಕೊಂಡು, "ಮನ್ಯಾಗ ನಾಕ್ ಮಂದಿ ಅದಾರಪ, ಬರಾಕ ಆಗಲಿಲ್ಲ ಅವ್ರಿಗೆ" ಅಂದಳು. ಬುಟ್ಟಿಯಿಂದ ಗರಿಗರಿ ಇರುವ ನಾಲ್ಕನ್ನು ಹುಡುಕಿ, ಅವ್ವ ಮಾಡುವ ಹಾಗೆ ಒಂದೊಂದನ್ನೂ ತಟ್ಟಿ ನೋಡಿ ಅವಳ ಮಡಿಲಿಗೆ ಹಾಕಿದೆ.