ಮೆಂಟರ್ ಡೈರಿಗೆ ಮೂರು ಪೆನ್ನು

ನಾನು ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಹನ್ನೊಂದು ವರ್ಷದಿಂದ ಅತಿಥಿ. ಯಾರದ್ದಾದರೂ ಮನೆಯಲ್ಲಿ ಇಷ್ಟು ವರ್ಷ ಅತಿಥಿಯಾಗಿ ಉಳಿದಿದ್ದರೆ ರೇಷನ್ ಕಾರ್ಡಿಗೆ ಹೆಸರು ಸೇರಿಸಿಬಿಡುತ್ತಿದ್ದರು. ಇಲ್ಲಿ ಹಾಗಲ್ಲ. ವರ್ಷ ವರ್ಷವೂ ಅರ್ಜಿ ಹಾಕಿ, ಪಟ್ಟಿಯಲ್ಲಿ ಹೆಸರು ಹುಡುಕಿಕೊಂಡು, ಮತ್ತೆ ಹೊಸದಾಗಿ ಅತಿಥಿಯಾಗಬೇಕು. ಇಂಥ ನನ್ನನ್ನೇ ಕರಿಯರ್ ಗೈಡೆನ್ಸ್ ಸಮಿತಿಗೆ ಸಂಚಾಲಕನನ್ನಾಗಿ ಮಾಡಿದ್ದಾರೆ. ಭದ್ರವಾದ ಕೆಲಸ ಹಿಡಿಯುವುದು ಹೇಗೆ ಎಂದು ಮಕ್ಕಳಿಗೆ ನಾನು ಹೇಳಿಕೊಡಬೇಕು.

ನಮ್ಮ ಪ್ರಾಂಶುಪಾಲರ ಹೆಸರಿನ ಮುಂದೆ 'ಪ್ರಭಾರ' ಎಂಬ ಮೂರಕ್ಷರ ಇದೆ. ಬಂದಾಗಿನಿಂದಲೂ ಇದೆ. ಹಿಂದಿನವರಿಗೂ ಇತ್ತು. ಬೋರ್ಡಿನಲ್ಲಿ ಹೆಸರು ಅಳಿಸಿ ಹೊಸ ಹೆಸರು ಬರೆಯುತ್ತಾರೆ, ಆ ಮೂರಕ್ಷರಕ್ಕೆ ಮಾತ್ರ ಪೇಂಟರ್ ಕೈ ಹಚ್ಚುವುದಿಲ್ಲ. ಮೇಲೆ ಪ್ರಭಾರ, ಕೆಳಗೆ ಅತಿಥಿ, ಆಫೀಸಿನಲ್ಲಿ ನಿಯೋಜನೆ ಮೇಲೆ ಬಂದವರು, ಅಟೆಂಡರ್ ಅಕ್ಕ ಹೊರಗುತ್ತಿಗೆ. ಖಾಯಂ ಮೇಷ್ಟ್ರುಗಳು ಬೆರಳೆಣಿಕೆ. ಅವರನ್ನು ಬಿಟ್ಟರೆ ಕಾರಿಡಾರಿನ ನಾಯಿ ಖಾಯಂ.

ಇಷ್ಟು ಜನ ಸೇರಿ ಮಕ್ಕಳಿಗೆ ಮಾರ್ಗದರ್ಶನ ಮಾಡುತ್ತೇವೆ. ಮೊದಲು ಅದು ಸುಮ್ನೆ ನಡೆಯುತ್ತಿತ್ತು. ಕ್ಲಾಸಿನ ಹೊರಗೆ ನಿಂತು ಮಾತಾಡಿದರೆ ಆಗಿಹೋಗುತ್ತಿತ್ತು. ನ್ಯಾಕ್ ಬಂದ ಮೇಲೆ ಅದಕ್ಕೆ ದಾಖಲೆ ಬೇಕಾಯಿತು. ದೇಶದ ಕಾಲೇಜುಗಳಿಗೆಲ್ಲ ಗ್ರೇಡ್ ಕೊಡುವ ಈ ಸಂಸ್ಥೆ ಹುಟ್ಟಿದ್ದು 1994ರಲ್ಲಿ, ಇರುವುದು ನಮ್ಮ ಬೆಂಗಳೂರಿನ ನಾಗರಬಾವಿಯಲ್ಲೇ. ಆಗ ಅವರ ಮಾನದಂಡ ಒಟ್ಟು 7 ಇದ್ದವು. ಎ ಪ್ಲಸ್ ಪ್ಲಸ್‌ನಿಂದ ಡಿ ತನಕ ಗ್ರೇಡ್ ಇತ್ತು. ಮಕ್ಕಳ ಅಂಕಪಟ್ಟಿಯಲ್ಲೂ ಇಷ್ಟು ಪ್ಲಸ್ ಇರುವುದಿಲ್ಲ.

ನ್ಯಾಕ್ ತಂಡ ತಪಾಸಣೆಗೆ ಬರುವುದಕ್ಕೆ ಎರಡು ವಾರ ಇತ್ತು. ಸಾಹೇಬರು ಮೀಟಿಂಗ್ ಕರೆದು, "ಮೆಂಟರ್ ಡೈರಿ ಎಲ್ಲಿವೆ?" ಎಂದು ಕೇಳಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಬ್ಬೊಬ್ಬ ಮೇಷ್ಟ್ರಿಗೂ ಇಂತಿಷ್ಟು ಮಕ್ಕಳು, ಅವರ ಕಷ್ಟಸುಖ ಕೇಳಬೇಕು, ಬರೆದಿಡಬೇಕು ಎಂಬ ಆದೇಶ ಇತ್ತಂತೆ. ಆದೇಶ ಕಡತದಲ್ಲಿತ್ತು, ಕಡತ ಬೀರುವಿನಲ್ಲಿತ್ತು, ಬೀರುವಿನ ಕೀ ವರ್ಗವಾಗಿ ಹೋದ ಪ್ರಥಮ ದರ್ಜೆ ಸಹಾಯಕರ ಹತ್ತಿರ ಇತ್ತು.

"ಐದು ವರ್ಷದ್ದು ಬೇಕು. ಒಂದೇ ಪೆನ್ನಲ್ಲಿ ಬರೀಬೇಡಿ ಮಾರಾಯ್ರೇ" ಎಂದರು ಸಾಹೇಬರು. ಅವರೊಳಗಿನ ನಾಯಕನನ್ನು ನಾನು ಕಂಡದ್ದು ಆವತ್ತೇ. ನೀಲಿ, ಕಪ್ಪು, ಒಂದು ಜೆಲ್ ಪೆನ್ನು, ಮೂರನ್ನೂ ಸ್ವಂತ ಖರ್ಚಿನಲ್ಲಿ ಕೊಡಿಸಿದರು. ಹಳೆಯ ವರ್ಷದ ಪುಟಗಳಿಗೆ ಸ್ವಲ್ಪ ಟೀ ಚೆಲ್ಲಬೇಕೆಂಬುದು ಕಾಮರ್ಸ್ ವಿಭಾಗದ ಸಲಹೆ.

ನನ್ನ ಪಾಲಿಗೆ 63 ಮಕ್ಕಳು ಬಂದರು. ಎರಡು ರಾತ್ರಿ ಕೂತು ಅವರಿಗೆಲ್ಲ ಕಷ್ಟ ಹುಟ್ಟಿಸಿದೆ. 'ಸಮಸ್ಯೆ: ಇಂಗ್ಲಿಷ್ ಭಯ. ಸಲಹೆ: ದಿನಪತ್ರಿಕೆ ಓದಲು ತಿಳಿಸಲಾಯಿತು. ಫಲಿತಾಂಶ: ಭಯ ಹೋಗಿದೆ.' 'ಸಮಸ್ಯೆ: ಊರಿಗೆ ಬಸ್ಸಿಲ್ಲ. ಸಲಹೆ: ಸಮಯಪಾಲನೆಯ ಮಹತ್ವ ವಿವರಿಸಲಾಯಿತು.' ಬರೆಯುತ್ತ ಬರೆಯುತ್ತ ನನಗೇ ನನ್ನ ಮೇಲೆ ಗೌರವ ಬಂತು. ಒಬ್ಬ ಹುಡುಗನ ಹಾಜರಾತಿಯನ್ನಂತೂ ಸೆಮಿಸ್ಟರ್‌ನಿಂದ ಸೆಮಿಸ್ಟರ್‌ಗೆ ಏರಿಸಿ 92ಕ್ಕೆ ತಂದು ನಿಲ್ಲಿಸಿದ್ದೆ. ಅವನು ಎರಡು ವರ್ಷದ ಹಿಂದೆಯೇ ಟಿಸಿ ತಗೊಂಡು ಗಾರೆ ಕೆಲಸಕ್ಕೆ ಹೋಗಿದ್ದಾನೆ ಎಂದು ಅಟೆಂಡರ್ ಅಕ್ಕ ಹೇಳಿದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಜೆಲ್ ಪೆನ್ನಿನಲ್ಲಿ ಬರೆದಾಗಿತ್ತು.

ಇನ್ನು ಫೋಟೋ. ಅಕ್ಷಾಂಶ ರೇಖಾಂಶ ಸಮೇತ ಬೇಕು, ಅದಕ್ಕೊಂದು ಆ್ಯಪ್ ಇದೆ. ಕುಂದುಕೊರತೆ ಸಮಿತಿ, ರ‍್ಯಾಗಿಂಗ್ ತಡೆ ಸಮಿತಿ, ಪ್ಲೇಸ್‌ಮೆಂಟ್ ಸೆಲ್, ಎಲ್ಲವೂ ಒಂದೇ ದಿನ ಒಂದೇ ಮೇಜಿನ ಸುತ್ತ ಸಭೆ ಸೇರಿದವು. ಬದಲಾದದ್ದು ಹಿಂದಿನ ಬ್ಯಾನರ್ ಮತ್ತು ನಮ್ಮ ಸಾಹೇಬರ ಕೋಟು.

ಸುಳ್ಳು ಎಂದರೆ ನಮ್ಮದು ಇಷ್ಟೇ, ಮೂರು ಪೆನ್ನಿನದ್ದು. 2025ರ ಫೆಬ್ರುವರಿಯಲ್ಲಿ ಪಕ್ಕದ ಆಂಧ್ರದ ಸಂಸ್ಥೆಯೊಂದಕ್ಕೆ ಒಳ್ಳೆ ಗ್ರೇಡ್ ಕೊಡಲು ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ತಪಾಸಣಾ ತಂಡದವರನ್ನೇ ಸಿಬಿಐ ಬಂಧಿಸಿತ್ತು. ನಗದು, ಲ್ಯಾಪ್‌ಟಾಪ್ ಎಲ್ಲ ಸಿಕ್ಕಿತ್ತು. ಆ ಸುದ್ದಿ ಓದಿ ಸಾಹೇಬರು, "ನೋಡ್ರಿ, ನಾವು ಕೊಡೋದು ಮೈಸೂರು ಪೇಟ, ಹಣ್ಣಿನ ಬುಟ್ಟಿ. ಅಲ್ವಾ?" ಎಂದು ಹೆಮ್ಮೆಪಟ್ಟರು.

ಮಕ್ಕಳ ನಿಜವಾದ ಕಷ್ಟ ಡೈರಿಯಲ್ಲಿ ಇರಲಿಲ್ಲ ಬಿಡಿ. 2021ರಲ್ಲಿ ನಮ್ಮ ರಾಜ್ಯಕ್ಕೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ಪದವಿ ನಾಲ್ಕು ವರ್ಷದ ತನಕ ಹೋಯಿತು. 2024ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂದೆವು. ಆ ವರ್ಷ ಒಂದೇ ಕಾಲೇಜಿನಲ್ಲಿ ಮೊದಲ ವರ್ಷಕ್ಕೊಂದು ಸ್ಕೀಮ್, ಮಿಕ್ಕವರಿಗೆ ಇನ್ನೊಂದು. ಓಪನ್ ಎಲೆಕ್ಟಿವ್ ಎಂದರೆ ಇಷ್ಟ ಬಂದ ವಿಷಯ ಆರಿಸಿಕೊಳ್ಳಬಹುದು ಎಂದು ನಾವು ಭಾಷಣ ಮಾಡಿದೆವು. ಆಮೇಲೆ ಯಾವ ಮೇಷ್ಟ್ರಿಗೆ ಪೀರಿಯಡ್ ಕಮ್ಮಿ ಇತ್ತೋ ಅವರ ವಿಷಯವನ್ನು ಎಲ್ಲರೂ ಇಷ್ಟಪಟ್ಟು ಆರಿಸಿಕೊಂಡರು.

ಪರೀಕ್ಷೆ ಫೀಸು ಕಟ್ಟಲು ಯುಯುಸಿಎಂಎಸ್ ಎಂಬ ಸರ್ಕಾರಿ ಪೋರ್ಟಲ್‌ಗೆ ಹೋಗಬೇಕು. ಒಟಿಪಿ ಬರುವುದು ಅಪ್ಪನ ಹಳೇ ನಂಬರಿಗೆ. ವಿದ್ಯಾರ್ಥಿವೇತನಕ್ಕೆ ಜಾತಿ, ಆದಾಯ ಪತ್ರದ ಆರ್‌ಡಿ ನಂಬರ್ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿರಬೇಕು. ಆಫೀಸಿಗೆ ಹೋದರೆ "ಸರ್ವರ್ ಡೌನ್", ನನ್ನ ಹತ್ತಿರ ಬಂದರೆ "ಆಫೀಸಲ್ಲಿ ಕೇಳಪ್ಪ", ಸಾಹೇಬರ ಹತ್ತಿರ ಹೋದರೆ ಅವರು ಜಂಟಿ ನಿರ್ದೇಶಕರ ಕಚೇರಿಯಲ್ಲಿ ಮೀಟಿಂಗಿನಲ್ಲಿರುತ್ತಾರೆ. ಕೊನೆಗೆ ಎಲ್ಲರೂ ಹೋಗುವುದು ಗೇಟಿನೆದುರಿನ ಜೆರಾಕ್ಸ್ ಅಂಗಡಿಗೆ. ಆ ಅಣ್ಣ ಪಿಯುಸಿಯಲ್ಲಿ ಎರಡು ಸಲ ಕೂತು ಎದ್ದವನು. ಯಾವ ಬ್ಯಾಂಕಿನಲ್ಲಿ ಸೀಡಿಂಗ್ ಬೇಗ ಆಗುತ್ತದೆ, ಯಾವ ಹೊತ್ತಿಗೆ ಸರ್ವರ್ ಏಳುತ್ತದೆ, ಎಲ್ಲ ಅವನ ಬಾಯಲ್ಲಿದೆ. ರಾತ್ರಿ ಹತ್ತರ ತನಕ ಅಂಗಡಿ ತೆಗೆದಿರುತ್ತಾನೆ. ಕಡೇ ದಿನ ದುಡ್ಡಿಲ್ಲದ ಹುಡುಗಿಯ ಫೀಸು ತಾನೇ ಕಟ್ಟಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಅವನಿಗೆ ಒಂದೇ ಪೆನ್ನು.

ತಂಡ ಬಂತು. ಮಕ್ಕಳ ಜೊತೆ ಸಂವಾದ. ಮುಂದಿನ ಸಾಲಿಗೆ ನಾವು ತರಬೇತಿ ಕೊಟ್ಟಿದ್ದೆವು. ತಂಡದ ಹಿರಿಯರು ಕೇಳಿದ್ದು ಹಿಂದಿನ ಬೆಂಚನ್ನು. "ಕಷ್ಟ ಬಂದರೆ ಯಾರನ್ನು ಕೇಳುತ್ತೀಯಪ್ಪ? ನಿನ್ನ ಮೆಂಟರ್ ಯಾರು?"

"ಜೆರಾಕ್ಸ್ ಅಣ್ಣ, ಸರ್."

ನಾನು ನೆಲ ನೋಡಿದೆ. ಸಾಹೇಬರು ಮಾತ್ರ ಅಲ್ಲಾಡಲಿಲ್ಲ. "ಸ್ಥಳೀಯ ಸಮುದಾಯದ ಸಹಭಾಗಿತ್ವ, ಸರ್. ನಮ್ಮ ಬೆಸ್ಟ್ ಪ್ರಾಕ್ಟೀಸ್" ಎಂದರು. ಹಿರಿಯರು ತಲೆದೂಗಿ, "ಒಡಂಬಡಿಕೆ ಪತ್ರ ಇದೆಯಾ?" ಎಂದರು. "ಮಧ್ಯಾಹ್ನ ತೋರಿಸುತ್ತೇವೆ, ಸರ್."

ಊಟದ ಹೊತ್ತಿಗೆ ಜೆರಾಕ್ಸ್ ಅಣ್ಣನನ್ನು ಕರೆತಂದು, ಶಾಲು ಹೊದಿಸಿ, ಸಹಿ ಹಾಕಿಸಿ, ಅಕ್ಷಾಂಶ ರೇಖಾಂಶದ ಫೋಟೋ ತೆಗೆದೆವು. ತಾರೀಖು ಮೂರು ವರ್ಷ ಹಿಂದಿನದು. ಅಂಗಡಿ ಬಾಗಿಲು ಹಾಕಿ ಬಂದಿದ್ದನಲ್ಲ, ಅಷ್ಟು ಹೊತ್ತೂ ಹೊರಗೆ ಏಳೆಂಟು ಮಕ್ಕಳು ಬಿಸಿಲಲ್ಲಿ ಕಾಯುತ್ತಿದ್ದರು. ಒಡಂಬಡಿಕೆಯ ಮೂರು ಪ್ರತಿಗೆ ಅವನು 12 ರೂಪಾಯಿ ತಗೊಂಡ. ಕೊಟ್ಟವನು ನಾನು. ಸಾಹೇಬರು ಬಿಲ್ ಕೇಳಿದ್ದಾರೆ, ಅದೂ ಮೂರು ವರ್ಷ ಹಿಂದಿನ ತಾರೀಖಿನದೇ ಬೇಕಂತೆ.