ಪಟ್ಟಿ ಬಿಚ್ಚಿದ ದಿನ ಕಾಣುವ ಮೂಗು

ಮೂಗಿನ ಆಕಾರವನ್ನು ತಿದ್ದಿಸಿಕೊಳ್ಳುವ ಯೋಚನೆಯಲ್ಲಿರುವವರು ನನ್ನನ್ನು ಮೊದಲು ಕೇಳುವುದು ನೋವಿನ ಬಗ್ಗೆ. ಮೂರು ವರ್ಷಗಳ ಹಿಂದೆ ಶಸ್ತ್ರಚಿಕಿತ್ಸೆಗೆ ಹೋಗುವ ಮುನ್ನ ನಾನೂ ಅದನ್ನೇ ಕೇಳಿದ್ದೆ. ಆದರೆ ಆ ಇಡೀ ಅನುಭವದಲ್ಲಿ ನೋವಿನ ಪಾಲು ತೀರ ಕಡಿಮೆಯಾಗಿತ್ತು. ಅದಕ್ಕೆ ಮಾತ್ರೆಯಿತ್ತು, ಮೂರ್ನಾಲ್ಕು ದಿನಗಳಲ್ಲಿ ಅದು ಮುಗಿದೂ ಹೋಯಿತು. ನಾನು ಸಿದ್ಧಳಾಗಿರದಿದ್ದದ್ದು ಅದರ ನಂತರದ ಒಂದು ವರ್ಷಕ್ಕೆ. ಆ ವರ್ಷವಿಡೀ ಕನ್ನಡಿಯಲ್ಲಿ ಕಾಣುತ್ತಿದ್ದ ಮೂಗು ನನ್ನ ಹಳೆಯ ಮೂಗೂ ಆಗಿರಲಿಲ್ಲ, ಕೊನೆಗೆ ಉಳಿಯಲಿದ್ದ ಮೂಗೂ ಆಗಿರಲಿಲ್ಲ. ಮಾಡಿಸಿಕೊಳ್ಳಬೇಕೋ ಬೇಡವೋ ಎಂಬುದನ್ನು ನಾನು ಯಾರಿಗೂ ಹೇಳಲಾರೆ. ಆದರೆ ಮಾಡಿಸಿಕೊಳ್ಳುವವರು ತಾವು ಒಪ್ಪಿಗೆ ಕೊಡುತ್ತಿರುವುದು ಒಂದು ದಿನದ ಆಪರೇಷನ್‌ಗೆ ಮಾತ್ರವಲ್ಲ, ಒಂದು ವರ್ಷದ ಕಾಯುವಿಕೆಗೂ ಸೇರಿ ಎಂದು ತಿಳಿದೇ ಸಹಿ ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನನ್ನ ಮೂಗಿನ ನಡುಭಾಗದಲ್ಲಿ ಹದಿಹರೆಯದಲ್ಲೇ ಎದ್ದುಬಂದ ಒಂದು ಉಬ್ಬು ಇತ್ತು. ಎದುರಿನಿಂದ ನೋಡಿದವರಿಗೆ ಅದು ಗೊತ್ತಾಗುತ್ತಿರಲಿಲ್ಲ, ಮಗ್ಗುಲಿನಿಂದ ನೋಡಿದರೆ ಮಾತ್ರ ಕಾಣುತ್ತಿತ್ತು; ಹಾಗಾಗಿ ಎಲ್ಲಿ ಕುಳಿತರೂ ಎದುರಿನವರಿಗೆ ಮುಖವನ್ನು ನೇರವಾಗಿಯೇ ತೋರಿಸುವ ಅಭ್ಯಾಸ ನನಗೆ ಬಂದುಬಿಟ್ಟಿತ್ತು. ಇಂತಹದ್ದನ್ನು ಹೇಳಿಕೊಂಡಾಗ ಕೆಲವರು ಅದನ್ನು ಬರಿಯ ಶೋಕಿ ಎಂದು ತಳ್ಳಿಹಾಕುತ್ತಾರೆ, ಇನ್ನು ಕೆಲವರು ನಾಳೆಯೇ ಮಾಡಿಸಿಕೊ ಎಂದು ಹುರಿದುಂಬಿಸುತ್ತಾರೆ. ಇಬ್ಬರೂ ಮಾತನಾಡುವುದು ತಮ್ಮ ತಮ್ಮ ಮೂಗಿನ ನೇರಕ್ಕೇ. ಇದು ಈ ಕಾಲದ ಹುಚ್ಚು ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಬರ್ಲಿನ್‌ನ ಜಾಕ್ ಯೋಸೆಫ್ ಎಂಬ ವೈದ್ಯರು 1898ರಲ್ಲಿ, ತನ್ನ ದೊಡ್ಡ ಮೂಗಿನ ಕಾರಣಕ್ಕೆ ಜನರ ನಡುವೆ ಹೋಗಲು ಹಿಂಜರಿಯುತ್ತಿದ್ದ ಯುವಕನೊಬ್ಬನ ಮೂಗನ್ನು ಕಿರಿದು ಮಾಡಿದಾಗ, ಅವನ ಮನಸ್ಸಿನ ಸಂಕಟವೇ ಚಿಕಿತ್ಸೆಗೆ ಸಾಕಷ್ಟು ಕಾರಣ ಎಂದು ನಂಬಿದ್ದರು.

ಏನನ್ನು ನಿರೀಕ್ಷಿಸಬಹುದು ಎಂದು ತಿಳಿಯಬೇಕಾದರೆ ಮೂಗು ಯಾವುದರಿಂದ ಆಗಿದೆ ಎಂಬುದನ್ನು ಸ್ವಲ್ಪ ತಿಳಿಯಬೇಕಾಗುತ್ತದೆ. ಮೂಗಿನ ಮೇಲಿನ ಮೂರನೆಯ ಒಂದು ಭಾಗಕ್ಕೆ ಮಾತ್ರ ಮೂಳೆಯ ಆಸರೆ ಇದೆ. ಅದರಿಂದ ಕೆಳಕ್ಕೆ ಎಲ್ಲವನ್ನೂ ಎತ್ತಿ ಹಿಡಿದಿರುವುದು ಮೃದ್ವಸ್ಥಿ, ಅಂದರೆ ಕಿವಿಯಲ್ಲಿರುವಂತಹ, ಮೂಳೆಯಷ್ಟು ಗಟ್ಟಿಯಲ್ಲದ ಬಾಗುವ ಅಂಗಾಂಶ. ಉಬ್ಬನ್ನು ತೆಗೆಯುವುದೆಂದರೆ ಮೂಳೆಯನ್ನೂ ಮೃದ್ವಸ್ಥಿಯನ್ನೂ ಸೇರಿಸಿ ತಗ್ಗಿಸುವುದು. ಹಾಗೆ ತಗ್ಗಿಸಿದಾಗ ಮೂಗಿನ ಮೇಲ್ಭಾಗ ಚಪ್ಪಟೆಯಾಗಿ ಅಗಲವಾಗಿ ತೆರೆದುಕೊಳ್ಳುವುದರಿಂದ, ಎರಡೂ ಬದಿಯ ಮೂಳೆಗಳನ್ನು ಬುಡದಲ್ಲಿ ಕತ್ತರಿಸಿ ಒಳಕ್ಕೆ ಸರಿಸಿ ಕೂಡಿಸಬೇಕಾಗುತ್ತದೆ. ಕಣ್ಣುಗಳ ಸುತ್ತ ಕಪ್ಪಾಗಿ ಬಾಯುವುದಕ್ಕೆ ಮುಖ್ಯ ಕಾರಣ ಇದೇ. ಒಂದು ಕಾಲದಲ್ಲಿ ಈ ಶಸ್ತ್ರಚಿಕಿತ್ಸೆಯೆಂದರೆ ಹೆಚ್ಚುಕಡಿಮೆ ಕತ್ತರಿಸಿ ತೆಗೆಯುವುದೇ ಆಗಿತ್ತು. ಆಸರೆ ಕಳೆದುಕೊಂಡ ಅಂತಹ ಮೂಗುಗಳು ವರ್ಷಗಳ ನಂತರ ಚಿವುಟಿದಂತೆ ಸೊರಗುತ್ತಿದ್ದವು, ಕೆಲವರಿಗೆ ಉಸಿರಾಟವೇ ಕಷ್ಟವಾಗುತ್ತಿತ್ತು. ಇಂದು ಒಳ್ಳೆಯ ವೈದ್ಯರು ತೆಗೆಯುವುದಕ್ಕಿಂತ ಉಳಿಸುವುದರ ಬಗ್ಗೆ ಹೆಚ್ಚು ಮಾತನಾಡುತ್ತಾರೆ. ಬೇಕಾದಲ್ಲಿ ಮೂಗಿನ ನಡುಗೋಡೆಯಿಂದಲೋ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ಮೃದ್ವಸ್ಥಿಯ ತುಣುಕನ್ನು ತೆಗೆದು ಆಸರೆಗೆ ಕೂರಿಸುತ್ತಾರೆ. ಹಾಗಾಗಿ ಮೂಗಿನ ಆಪರೇಷನ್‌ಗೆಂದು ಹೋದವರಿಗೆ ಕಿವಿಯ ಹಿಂದೆಯೂ ಹೊಲಿಗೆ ಬೀಳಬಹುದು.

ಇವೆಲ್ಲವನ್ನೂ ಮುಚ್ಚುವ ಚರ್ಮವನ್ನು ಮಾತ್ರ ವೈದ್ಯರು ಬದಲಿಸಲಾರರು, ಮತ್ತು ಫಲಿತಾಂಶದ ಅರ್ಧ ಭಾಗವನ್ನು ನಿರ್ಧರಿಸುವುದು ಅದೇ ಎಂದು ನನಗೆ ಅನ್ನಿಸುತ್ತದೆ. ದಪ್ಪ ಚರ್ಮದ ಕೆಳಗೆ ಎಷ್ಟು ನಾಜೂಕಾಗಿ ತುದಿಯನ್ನು ತಿದ್ದಿದರೂ ಅದು ಹೊರಗೆ ಮಸುಕಾಗಿಯೇ ಕಾಣುತ್ತದೆ, ಊತವೂ ಹೆಚ್ಚು ಕಾಲ ಉಳಿಯುತ್ತದೆ. ತೆಳು ಚರ್ಮದಲ್ಲಿ ರೂಪ ಸ್ಪಷ್ಟವಾಗಿ ಮೂಡುತ್ತದೆ, ಆದರೆ ಒಳಗಿನ ಸಣ್ಣ ಏರುಪೇರೂ ಅಷ್ಟೇ ಸ್ಪಷ್ಟವಾಗಿ ಮೂಡುತ್ತದೆ. ಬೇರೊಬ್ಬರ ಮೂಗಿನ ಚಿತ್ರವನ್ನು ಹಿಡಿದು ಇದೇ ಬೇಕು ಎಂದು ಕೇಳುವುದರಲ್ಲಿ ಅರ್ಥವಿಲ್ಲದಿರುವುದು ಈ ಕಾರಣಕ್ಕೆ.

ನಾನು ಇಬ್ಬರು ವೈದ್ಯರನ್ನು ಕಂಡಿದ್ದೆ. ಮೊದಲನೆಯವರು ಹತ್ತು ನಿಮಿಷಗಳಲ್ಲಿ ನನ್ನ ಫೋಟೊವನ್ನು ಕಂಪ್ಯೂಟರ್‌ನಲ್ಲಿ ತಿದ್ದಿ, ನಿಮಗೆ ಸಿಗುವುದು ಇದೇ ಮೂಗು ಎಂದು ತೋರಿಸಿದರು. ಆ ಚಿತ್ರಕ್ಕೆ ಮನಸೋತು ಅಂದೇ ದಿನಾಂಕವನ್ನು ಗೊತ್ತುಮಾಡುವುದರಲ್ಲಿದ್ದೆ, ಅಕ್ಕ ತಡೆದಳು. ಎರಡನೆಯ ವೈದ್ಯರು ನನ್ನ ಮೂಗಿನ ಒಳಗೆ ಬೆಳಕು ಬಿಟ್ಟು ನೋಡಿದರು, ಒಂದೊಂದೇ ಹೊಳ್ಳೆಯನ್ನು ಮುಚ್ಚಿ ಉಸಿರೆಳೆಯಲು ಹೇಳಿದರು, ನಡುಗೋಡೆ ಬಲಕ್ಕೆ ಬಾಗಿರುವುದನ್ನು ಗುರುತಿಸಿದರು, ಅದನ್ನೂ ಇದರ ಜೊತೆಯಲ್ಲೇ ಸರಿಪಡಿಸಬಹುದೆಂದರು. ಅನಂತರ ಬಹಳ ಹೊತ್ತು ತಮ್ಮಿಂದ ಏನೇನು ಆಗದು ಎಂಬುದನ್ನೇ ವಿವರಿಸಿದರು. "ನೋಡಿ, ಮುಖದ ಎರಡು ಬದಿಗಳು ಯಾರಲ್ಲೂ ಒಂದೇ ಸಮ ಇರುವುದಿಲ್ಲ, ನಿಮ್ಮ ಮೂಗೂ ಆಮೇಲೆ ಒಂದೇ ಸಮ ಇರುವುದಿಲ್ಲ" ಎಂದರು. ಆ ಮಾತು ಕೇಳಿ ಅಂದು ನನಗೆ ನಿರಾಸೆಯಾಯಿತು, ಆದರೂ ನಾನು ಅವರ ಬಳಿಯೇ ಮಾಡಿಸಿಕೊಂಡೆ. ಕಂಪ್ಯೂಟರ್ ಚಿತ್ರವನ್ನು ವೈದ್ಯರೂ ನಾವೂ ಒಂದೇ ಗುರಿಯ ಬಗ್ಗೆ ಮಾತನಾಡುತ್ತಿದ್ದೇವೆಯೇ ಎಂದು ಪರೀಕ್ಷಿಸಲು ಬಳಸುವುದಾದರೆ ಅದು ಉಪಯುಕ್ತ ಸಾಧನ. ಅದನ್ನೇ ವಚನವಾಗಿ ಕೊಡುವ ವೈದ್ಯರಿಂದ ಎದ್ದು ಬರುವುದು ಒಳಿತು.

ಮೊಬೈಲ್ ಸೆಲ್ಫಿಯನ್ನು ನೋಡಿ ಈ ನಿರ್ಧಾರಕ್ಕೆ ಬಂದವರಿಗೆ ಇನ್ನೊಂದು ವಿಷಯವನ್ನು ಹೇಳಲೇಬೇಕು. 2018ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಲೆಕ್ಕಾಚಾರದ ಪ್ರಕಾರ, 12 ಇಂಚು ದೂರದಿಂದ ತೆಗೆದ ಫೋಟೊದಲ್ಲಿ ಮೂಗಿನ ಬುಡದ ಅಗಲ, 5 ಅಡಿ ದೂರದಿಂದ ತೆಗೆದ ಫೋಟೊಗಿಂತ ಸುಮಾರು ಶೇ. 30ರಷ್ಟು ಹೆಚ್ಚಾಗಿ ಕಾಣುತ್ತದೆ. ಕ್ಯಾಮೆರಾಕ್ಕೆ ಅತಿ ಸಮೀಪದಲ್ಲಿರುವ ಅಂಗ ಮೂಗಾದ್ದರಿಂದ ಹೀಗಾಗುತ್ತದೆ. ನಿಮ್ಮ ಮೂಗನ್ನು ನೀವು ತೂಗಿ ನೋಡಬೇಕಾದರೆ ಇನ್ನೊಬ್ಬರಿಂದ ದೂರ ನಿಂತು ಫೋಟೊ ತೆಗೆಸಿ ನೋಡಿ.

ಶಸ್ತ್ರಚಿಕಿತ್ಸೆಯ ದಿನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಎರಡು ವಾರ ಮೊದಲೇ ಆಸ್ಪಿರಿನ್, ಐಬುಪ್ರೊಫೆನ್‌ನಂತಹ ರಕ್ತಸ್ರಾವ ಹೆಚ್ಚಿಸುವ ಮಾತ್ರೆಗಳನ್ನು ವೈದ್ಯರ ಸೂಚನೆಯಂತೆ ನಿಲ್ಲಿಸಬೇಕು. ಧೂಮಪಾನ ಮಾಡುವವರು ಅದನ್ನು ಬಿಡಲೇಬೇಕು, ಏಕೆಂದರೆ ಅದು ಚರ್ಮಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡಿ ಗಾಯ ಮಾಯುವುದನ್ನು ತಡೆಯುತ್ತದೆ. ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಡುತ್ತಾರೆ, ಕೆಲಸ ಎರಡು ಮೂರು ಗಂಟೆ ಹಿಡಿಯುತ್ತದೆ, ಹಲವರು ಅಂದೇ ಮನೆಗೆ ಹೋಗುತ್ತಾರೆ. ಎಲ್ಲ ಛೇದನಗಳೂ ಮೂಗಿನ ಒಳಗೇ ಇರುವ ವಿಧಾನ ಒಂದು. ಎರಡು ಹೊಳ್ಳೆಗಳ ನಡುವಿನ ಕಿರಿದಾದ ಚರ್ಮದ ಮೇಲೂ ಚಿಕ್ಕದಾಗಿ ಕೊಯ್ದು ಚರ್ಮವನ್ನು ಮೇಲಕ್ಕೆತ್ತಿ ಕೆಲಸ ಮಾಡುವ ವಿಧಾನ ಇನ್ನೊಂದು. ನನ್ನದು ಎರಡನೆಯದು. ಆ ಗುರುತನ್ನು ಈಗ ನಾನೇ ಹುಡುಕಿ ನೋಡಬೇಕು.

ಮೊದಲ ವಾರ ಕಠಿಣವೇ. ಮೂಗು ಪೂರ್ತಿ ಕಟ್ಟಿರುತ್ತದೆ, ರಾತ್ರಿಯಿಡೀ ಬಾಯಿಯಿಂದಲೇ ಉಸಿರಾಡುವುದರಿಂದ ಗಂಟಲು ಒಣಗಿ ಪದೇಪದೇ ಎಚ್ಚರವಾಗುತ್ತದೆ. ಎರಡು ದಿನ ರಕ್ತ ಬೆರೆತ ನೀರು ಸೋರುತ್ತದೆ. ತಲೆಯನ್ನು ಎತ್ತರದಲ್ಲಿಟ್ಟು ಅಂಗಾತ ಮಲಗಬೇಕು. ಮೂಗು ಸೀಟುವಂತಿಲ್ಲ, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಬಗ್ಗಿ ಭಾರ ಎತ್ತಬಾರದು. ಕಣ್ಣಿನ ಸುತ್ತಲಿನ ಊತ ಎರಡನೆಯ ಮೂರನೆಯ ದಿನ ಹೆಚ್ಚಾಗಿ, ಎರಡು ವಾರಗಳಲ್ಲಿ ಬಹುಪಾಲು ಇಳಿಯುತ್ತದೆ. ಮೇಲಿನ ತುಟಿ ಬಿಗಿದಂತಾಗಿ ನಗು ಬೇರೆಯವರದೆಂಬಂತೆ ಕಾಣುತ್ತದೆ. ಮೂಗಿನ ತುದಿಗೆ ಸ್ಪರ್ಶವೇ ಗೊತ್ತಾಗುವುದಿಲ್ಲ. ನನಗೆ ಅದು ಮರಳಲು ಐದು ತಿಂಗಳು ಬೇಕಾಯಿತು. ಕನ್ನಡಕ ಹಾಕುವವರು ಅದರ ಭಾರ ಮೂಗಿನ ಮೇಲೆ ಬೀಳದಂತೆ ನಾಲ್ಕರಿಂದ ಆರು ವಾರ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು. ಹೊಸದಾಗಿ ಕೂಡಿಸಿದ ಮೂಳೆ ಆ ಭಾರಕ್ಕೂ ಸರಿಯಬಲ್ಲದು.

ಒಂದು ವಾರದ ನಂತರ ಹೊರಗಿನ ಗಟ್ಟಿ ಪಟ್ಟಿಯನ್ನು ಬಿಚ್ಚುತ್ತಾರೆ. ನಾವು ಎಲ್ಲಕ್ಕಿಂತ ಹೆಚ್ಚು ಕಾತರದಿಂದ ಎದುರುನೋಡುವ ಆ ದಿನವೇ ಎಲ್ಲಕ್ಕಿಂತ ಹೆಚ್ಚು ದಾರಿತಪ್ಪಿಸುವ ದಿನ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಉಬ್ಬು ಹೋಗಿತ್ತು, ನಿಜ. ಆದರೆ ಕನ್ನಡಿಯಲ್ಲಿ ಇದ್ದದ್ದು ಅಗಲವಾದ, ತುದಿ ಮೇಲಕ್ಕೆ ಎತ್ತಿಕೊಂಡ, ಗುರುತೇ ಸಿಗದ ಮೂಗು. ಆ ರಾತ್ರಿ ನಾನು ಅತ್ತೆ. ಮನೆಯವರು ಚೆನ್ನಾಗಿದೆ ಎಂದಷ್ಟೂ ಅವರು ನನ್ನನ್ನು ಸಮಾಧಾನಪಡಿಸಲು ಸುಳ್ಳು ಹೇಳುತ್ತಿದ್ದಾರೆಂಬ ಅನುಮಾನ ಬಲಿಯುತ್ತಿತ್ತು. ಇಷ್ಟು ವರ್ಷ ನೋಡಿದ ಮುಖ ಒಂದೇ ದಿನಕ್ಕೆ ಬದಲಾದರೆ ಕಣ್ಣು ಅದನ್ನು ಒಪ್ಪಲು ಸಮಯ ಕೇಳುತ್ತದೆ, ಮತ್ತು ಅರಿವಳಿಕೆ, ಔಷಧ, ನಿದ್ರೆಗೆಟ್ಟ ರಾತ್ರಿಗಳು ಎಲ್ಲವೂ ಸೇರಿ ಮನಸ್ಸನ್ನು ಮೊದಲೇ ಕುಗ್ಗಿಸಿರುತ್ತವೆ. ಮೊದಲ ವಾರಗಳ ಈ ಖಿನ್ನತೆ ಬಹಳ ಜನರಿಗೆ ಆಗುವಂಥದ್ದೇ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಊತ ಇಳಿಯುವುದು ಮೇಲಿನಿಂದ ಕೆಳಕ್ಕೆ. ಮೂಳೆಯ ಭಾಗ ಮೊದಲ ತಿಂಗಳುಗಳಲ್ಲೇ ರೂಪ ಪಡೆಯುತ್ತದೆ, ತುದಿ ಎಲ್ಲಕ್ಕಿಂತ ಕೊನೆಗೆ ಇಳಿಯುತ್ತದೆ, ಅದಕ್ಕೆ ಒಂದು ವರ್ಷ, ದಪ್ಪ ಚರ್ಮದವರಿಗೆ ಅದಕ್ಕೂ ಹೆಚ್ಚು ಬೇಕು. ಬೆಳಿಗ್ಗೆ ಊದಿರುವ ಮೂಗು ಸಂಜೆಗೆ ಇಳಿದಿರಬಹುದು, ಒಂದು ಬದಿ ಇನ್ನೊಂದಕ್ಕಿಂತ ಮೊದಲು ಇಳಿದು ಮೂಗೇ ಸೊಟ್ಟಗಾಯಿತೆಂಬ ಭಯ ಹುಟ್ಟಬಹುದು. ನಾಲ್ಕನೆಯ ತಿಂಗಳಲ್ಲಿ ನಾನು ಅಂತಹದೇ ಭಯದಿಂದ ವೈದ್ಯರ ಬಳಿ ಹೋಗಿ ಮತ್ತೊಮ್ಮೆ ತಿದ್ದಿಕೊಡಿ ಎಂದು ಕೇಳಿಕೊಂಡೆ. ಅವರು ಖಂಡಿತವಾಗಿ ನಿರಾಕರಿಸಿದರು. ಒಳಗಿನ ಗಾಯದ ಅಂಗಾಂಶ ಮೆದುವಾಗುವ ಮೊದಲು ಕೈಹಾಕಿದರೆ ಹಾಳಾಗುವುದೇ ಹೆಚ್ಚು, ಕನಿಷ್ಠ ಒಂದು ವರ್ಷ ಕಳೆಯಲಿ ಎಂದರು. ಎರಡನೆಯ ಶಸ್ತ್ರಚಿಕಿತ್ಸೆ ಅಪರೂಪವೇನಲ್ಲ. ಸಾಮಾನ್ಯವಾಗಿ ಹೇಳುವ ಪ್ರಮಾಣ ಶೇ. 5ರಿಂದ 15. ಅದು ಮೊದಲನೆಯದಕ್ಕಿಂತ ಕಷ್ಟದ್ದು, ಏಕೆಂದರೆ ಆಸರೆಗೆ ಬೇಕಾದ ಮೃದ್ವಸ್ಥಿ ಆ ಹೊತ್ತಿಗೆ ಖರ್ಚಾಗಿರುತ್ತದೆ.

ಫಿಲ್ಲರ್, ಅಂದರೆ ಚರ್ಮದ ಕೆಳಗೆ ಸೂಜಿಯಿಂದ ತುಂಬುವ ಪದಾರ್ಥ, ಹಾಕಿಸಿಕೊಂಡು ಆಪರೇಷನ್ ತಪ್ಪಿಸಬಹುದಲ್ಲವೇ ಎಂದೂ ಕೇಳುತ್ತಾರೆ. ಫಿಲ್ಲರ್ ತುಂಬಬಲ್ಲದು, ಕಿರಿದು ಮಾಡಲಾರದು. ಕೆಲವು ತಿಂಗಳುಗಳಲ್ಲಿ ಕರಗಿಯೂ ಹೋಗುತ್ತದೆ. ಮೂಗಿನ ರಕ್ತನಾಳಕ್ಕೆ ಅದು ಸೇರಿಬಿಟ್ಟರೆ ಚರ್ಮ ಕೊಳೆಯುವ, ಅಪರೂಪಕ್ಕೆ ದೃಷ್ಟಿಯೇ ಹೋಗುವ ಅಪಾಯವಿದೆ. ಅದನ್ನು ಹಗುರವಾದ ದಾರಿ ಎಂದು ತಿಳಿಯಬಾರದು.

ಇನ್ನು ಕೆಲವರು ಕಾಯಲೇಬೇಕು. ಮೂಗಿನ ಬೆಳವಣಿಗೆ ಮುಗಿಯದ ಮಕ್ಕಳನ್ನು, ಅಂದರೆ ಹುಡುಗಿಯರಲ್ಲಿ ಸುಮಾರು 15-16, ಹುಡುಗರಲ್ಲಿ ಸುಮಾರು 17 ವರ್ಷ ತುಂಬುವ ಮೊದಲು, ಬರಿಯ ಚೆಲುವಿಗಾಗಿ ಕರೆದೊಯ್ಯುವುದು ತಪ್ಪು. ಬೇರೆಯವರ ಕಣ್ಣಿಗೆ ಬೀಳದ ಕೊರತೆಯನ್ನು ದಿನಕ್ಕೆ ಗಂಟೆಗಟ್ಟಲೆ ಕನ್ನಡಿಯಲ್ಲಿ ಹುಡುಕುವವರಿಗೆ ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಎಂಬ ಮಾನಸಿಕ ಸಮಸ್ಯೆ ಇರಬಹುದು. ಅಂತಹವರಿಗೆ ಎಷ್ಟು ಸಲ ತಿದ್ದಿದರೂ ತೃಪ್ತಿ ಸಿಗುವುದು ಕಷ್ಟ, ಅವರು ಮೊದಲು ಕಾಣಬೇಕಾದದ್ದು ಮನೋವೈದ್ಯರನ್ನು. ಗಂಡನೋ ತಾಯಿಯೋ ಒತ್ತಾಯಿಸಿದರೆಂದು ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಏಕೆಂದರೆ ಆ ಒಂದು ವರ್ಷವನ್ನು ಕನ್ನಡಿಯ ಮುಂದೆ ಕಳೆಯಬೇಕಾದವರು ಒತ್ತಾಯಿಸಿದವರಲ್ಲ.

ಹದಿನಾಲ್ಕನೆಯ ತಿಂಗಳಲ್ಲಿ ವೈದ್ಯರು ಹಳೆಯ ಫೋಟೊಗಳನ್ನೂ ಹೊಸ ಫೋಟೊಗಳನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಉಬ್ಬು ಇರಲಿಲ್ಲ, ಉಸಿರಾಟ ಮೊದಲಿಗಿಂತ ಸರಾಗವಾಗಿತ್ತು, ನಾಲ್ಕನೆಯ ತಿಂಗಳಲ್ಲಿ ನನ್ನನ್ನು ನಡುಗಿಸಿದ್ದ ಸೊಟ್ಟ ತಾನಾಗಿಯೇ ಹೋಗಿತ್ತು. ಎಡ ಹೊಳ್ಳೆಯ ಅಂಚು ಬಲದ್ದಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು, ಈಗಲೂ ಇದೆ. ಬೇಕಾದರೆ ಈಗ ಅದನ್ನು ತಿದ್ದುವ ಬಗ್ಗೆ ಯೋಚಿಸಬಹುದು ಎಂದು ಅವರು ಹೇಳಿದರು. ನಾನು ಬೇಡವೆಂದೆ.